ಹಿಂದೊಂದು ಕುರಿ ನಿಂತರೆ

ಹುಲಿ-ಕುರಿ ಆಟ ಆಡಿದವರಿಗೆ ಅದರ ಮರ್ಮ ಗೊತ್ತು. ಕುರಿಯನ್ನು ಹಿಡಿಯಬೇಕಾದರೆ ಹುಲಿ ಅದರ ಮೇಲಿಂದ ಹಾರಿ ಆಚೆಯ ಖಾಲಿ ಮನೆಗೆ ಇಳಿಯಬೇಕು. ಆಚೆಯ ಮನೆಯಲ್ಲಿ ಇನ್ನೊಂದು ಕುರಿ ಕೂತಿದ್ದರೆ ಹುಲಿಗೆ ಇಳಿಯಲು ಜಾಗವಿಲ್ಲ, ಹಾಗಾಗಿ ಹಾರುವಂತಿಲ್ಲ. 3 ಹುಲಿ, 15 ಕುರಿ, 23 ಮನೆ. ಕುರಿಗೆ ಹಾರುವ ಹಕ್ಕಿಲ್ಲ, ಹೊಡೆಯುವ ಹಕ್ಕಿಲ್ಲ. ಇನ್ನೊಂದು ಕುರಿಯ ಬೆನ್ನಿಗೆ ಹೋಗಿ ನಿಲ್ಲುವುದೊಂದೇ ಅದರ ಕೈಲಾಗುವ ಕೆಲಸ. ಹಾಗೆ ಒಂದರ ಹಿಂದೊಂದು ನಿಂತೇ ಕುರಿಗಳು ಮೂರೂ ಹುಲಿಗಳನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಗಡಿ ದಾಟಿ ಆಂಧ್ರದ ರಾಯದುರ್ಗದ ಕಡೆ ಹೋದರೆ ಇದೇ ಆಟಕ್ಕೆ ಪುಲಿ-ಮೇಕ ಎನ್ನುತ್ತಾರೆ. ನಿಯಮ ಬದಲಾಗುವುದಿಲ್ಲ.

ಈ ಹಳೆಯ ಆಟ ನೆನಪಾದದ್ದಕ್ಕೆ ಕಾರಣವಿದೆ. ಮಕ್ಕಳಿಗೆ ಕೂಡಿ ಕೆಲಸ ಮಾಡುವುದನ್ನು, ಸಮಸ್ಯೆ ಬಿಡಿಸುವುದನ್ನು ಆಟದ ಮೂಲಕ ಕಲಿಸಬೇಕು ಎಂಬ ಮಾತು ಈಗ ಶಿಕ್ಷಕರ ತರಬೇತಿಗಳಲ್ಲಿ ಬಹಳ ಕೇಳಿಬರುತ್ತದೆ. ಮಾತೇನೋ ಸರಿ. ಆದರೆ ಉದಾಹರಣೆಗೆ ಬರುವ ಆಟಗಳು ಹೆಚ್ಚಾಗಿ ಕಂಪನಿಗಳ ತರಬೇತಿ ಕೋಣೆಯಿಂದ ಬಂದವು. ಕಣ್ಣು ಕಟ್ಟಿಕೊಂಡು ಹಿಂದಕ್ಕೆ ಬೀಳುವುದು, ಹಿಂದಿನವರು ಹಿಡಿದುಕೊಳ್ಳುವುದು. ಬಲೂನು ಕೆಳಗೆ ಬೀಳದಂತೆ ನೋಡಿಕೊಳ್ಳುವುದು. ಎಲ್ಲರೂ ಕೈಕೈ ಹೆಣೆದುಕೊಂಡು ಗಂಟು ಬಿಡಿಸುವುದು. ನಗು ಬರುತ್ತದೆ, ಹೊತ್ತು ಹೋಗುತ್ತದೆ. ಹಿಂದಕ್ಕೆ ಬೀಳುವ ಆಟದಿಂದ ಯಾವ ಮಗುವಿಗೆ ಯಾವ ಬುದ್ಧಿ ಬಂತೋ ನನಗಂತೂ ಕಾಣೆ.

ಹೊರಗಿನಿಂದ ಬಂದದ್ದೆಲ್ಲ ಟೊಳ್ಳು ಎಂದು ಇದರರ್ಥವಲ್ಲ. ಪೀಟರ್ ಸ್ಕಿಲ್‌ಮನ್ ಎಂಬ ವಿನ್ಯಾಸಕಾರ ಕಟ್ಟಿದ ಒಂದು ಆಟವನ್ನು 2010ರಲ್ಲಿ ಟಾಮ್ ವುಜೆಕ್ ಎಂಬವರು ಒಂದು ಭಾಷಣದಲ್ಲಿ ಹೇಳಿ ಜಗತ್ತಿಗೆಲ್ಲ ಪರಿಚಯಿಸಿದರು. 20 ಸ್ಪಗೆಟಿ ಕಡ್ಡಿ, ಒಂದಿಷ್ಟು ಟೇಪು, ಒಂದಿಷ್ಟು ದಾರ, ಒಂದು ಮೆತ್ತನೆ ಮಿಠಾಯಿ. 18 ನಿಮಿಷದಲ್ಲಿ ಎಷ್ಟು ಎತ್ತರದ ಗೋಪುರ ಕಟ್ಟುತ್ತೀರಿ, ತುದಿಯಲ್ಲಿ ಮಿಠಾಯಿ ನಿಲ್ಲಬೇಕು. ಎಂಬಿಎ ಓದಿದವರಿಗಿಂತ ಶಿಶುವಿಹಾರದ ಮಕ್ಕಳೇ ಇದರಲ್ಲಿ ಚೆನ್ನಾಗಿ ಗೆದ್ದರು. ದೊಡ್ಡವರು ಯಾರು ಯಜಮಾನ ಎಂದು ತೀರ್ಮಾನಿಸುವುದರಲ್ಲಿ, ಕಾಗದದ ಮೇಲೆ ಯೋಜನೆ ಹಾಕುವುದರಲ್ಲಿ ಹೊತ್ತು ಕಳೆದು ಕೊನೇ ನಿಮಿಷದಲ್ಲಿ ಮಿಠಾಯಿ ಇಟ್ಟರು, ಗೋಪುರ ಬಿತ್ತು. ಮಕ್ಕಳು ಮೊದಲಿನಿಂದಲೇ ಮಿಠಾಯಿ ಇಟ್ಟು ನೋಡುತ್ತ, ಬಿದ್ದರೆ ಮತ್ತೆ ಕಟ್ಟುತ್ತ ಹೋದರು. ನಮ್ಮ ಕಡೆ ಸ್ಪಗೆಟಿ ಹುಡುಕುತ್ತ ಚಳ್ಳಕೆರೆ ಪೇಟೆ ಅಲೆಯಬೇಕಾಗಿಲ್ಲ. ಜೋಳದ ದಂಟು ಸಾಕು. ದಂಟಿನ ಸಿಪ್ಪೆ, ಬೆಂಡು ಜೋಡಿಸಿ ಎತ್ತಿನ ಬಂಡಿ ಮಾಡುವುದು ಈ ಬಯಲು ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ. ಅದರಲ್ಲಿ ಗೋಪುರ ಕಟ್ಟಿಸಿ, ತುದಿಗೆ ಬೆಲ್ಲದ ಅಚ್ಚು ಇಡಿಸಿ. ಗೆದ್ದವರು ಸೋತವರು ಸೇರಿ ಬೆಲ್ಲ ತಿನ್ನಲಿ.

ನನ್ನ ತಕರಾರು ಆಟ ಎಲ್ಲಿಂದ ಬಂತು ಎಂಬುದರ ಬಗ್ಗೆ ಅಲ್ಲ. ಒಬ್ಬರಿಗೊಬ್ಬರು ಬೇಕೇಬೇಕು ಎನ್ನುವ ಹಾಗೆ ಅದರ ನಿಯಮ ಇದೆಯೋ ಇಲ್ಲವೋ ಎಂಬುದರ ಬಗ್ಗೆ.

ಇವತ್ತು ತರಗತಿಯಲ್ಲಿ 'ಗುಂಪು ಚಟುವಟಿಕೆ' ಎಂದು ನಡೆಯುವುದನ್ನು ನೋಡಿ. ಐದಾರು ಮಕ್ಕಳ ಗುಂಪು, ಒಂದು ಚಾರ್ಟ್, ನಾಲ್ಕು ಸ್ಕೆಚ್ ಪೆನ್. ಅಕ್ಷರ ಚೆನ್ನಾಗಿರುವ ಹುಡುಗಿ ಬರೆಯುತ್ತಾಳೆ. ಒಬ್ಬ ಚಾರ್ಟಿನ ಮೂಲೆ ಹಿಡಿಯುತ್ತಾನೆ, ಇನ್ನೊಬ್ಬ ಪೆನ್ನಿನ ಮುಚ್ಚಳ ತೆಗೆದು ಕೊಡುತ್ತಾನೆ, ಉಳಿದವರು ಕಿಟಕಿ ನೋಡುತ್ತಾರೆ. ಕೊನೆಗೆ ಎಲ್ಲರ ಹೆಸರೂ ಚಾರ್ಟಿನ ಕೆಳಗೆ. ಅಂಕವೂ ಎಲ್ಲರಿಗೂ ಸಮ. ಗೋಡೆಗೆ ಅಂಟಿಸಿ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಮುಗಿಯಿತು.

ಮೊಳಕಾಲ್ಮೂರಿನವರಿಗೆ ಇದನ್ನು ರೇಷ್ಮೆ ಮಗ್ಗದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಒಡಲು ಒಂದು ಬಣ್ಣ, ಎರಡೂ ಅಂಚು ಇನ್ನೊಂದು ಬಣ್ಣ ಇರುವ ಸೀರೆಗೆ ಮೂರು ಲಾಳಿ ಬೇಕು. ನೇಕಾರ ಒಬ್ಬನೇ ಮೂರನ್ನೂ ಆಡಿಸುವುದು ಕಷ್ಟ, ಆಚೆ ಬದಿಯ ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಆ ಇನ್ನೊಬ್ಬರು ಎಷ್ಟೋ ಮನೆಗಳಲ್ಲಿ ಹೆಂಡತಿ, ಎಷ್ಟೋ ಕಾಲ ಮಗ ಇಲ್ಲವೆ ಮಗಳು. ಕೆಲಸದಲ್ಲಿ ಇಬ್ಬರೂ ಇದ್ದಾರೆ, ಇಬ್ಬರಲ್ಲಿ ಒಬ್ಬರು ತಪ್ಪಿದರೂ ಸೀರೆ ನಿಲ್ಲುತ್ತದೆ. ಆದರೆ ಬಣ್ಣ ಯಾವುದು, ಬುಟ್ಟಾ ಎಲ್ಲಿ, ಸೆರಗು ಹೇಗೆ ಎಂದು ಲಾಳಿ ಎಸೆಯುವ ಹುಡುಗನನ್ನು ಯಾರೂ ಕೇಳುವುದಿಲ್ಲ. ಅವನು ಕೈಜೋಡಿಸುತ್ತಾನೆ, ತಲೆ ಓಡಿಸುವ ಕೆಲಸ ಅವನ ಪಾಲಿಗೆ ಬರುವುದಿಲ್ಲ. ತರಗತಿಯ ಗುಂಪು ಚಟುವಟಿಕೆಯಲ್ಲಿ ಮುಚ್ಚಳ ತೆಗೆಯುವ ಹುಡುಗನ ಗತಿಯೂ ಅದೇ.

ಹಗ್ಗ ಜಗ್ಗಾಟ ಒಗ್ಗಟ್ಟು ಕಲಿಸುತ್ತದೆ ಎಂಬುದು ನಮ್ಮ ರಾಷ್ಟ್ರೀಯ ಹಬ್ಬಗಳ ನಂಬಿಕೆ. ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಇದನ್ನು ಅಳೆದು ನೋಡಿ 1913ರಲ್ಲಿ ಪ್ರಕಟಿಸಿದ. ಜನ ಹೆಚ್ಚಿದಂತೆ ತಲಾ ಹಾಕುವ ಬಲ ಕಡಿಮೆಯಾಗುತ್ತಿತ್ತು. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂಟಿಯಾಗಿದ್ದಾಗ ಹಾಕಿದ ಬಲದ ಸುಮಾರು ಅರ್ಧ. ಒಂದೇ ಕ್ಷಣಕ್ಕೆ ಎಲ್ಲರೂ ಸೇರಿ ಎಳೆಯಲಾಗದ್ದು ಒಂದು ಕಾರಣ, ಬೇರೆಯವರು ಎಳೆಯುತ್ತಾರಲ್ಲ ಎಂಬ ಸಡಿಲ ಇನ್ನೊಂದು. ಹಗ್ಗದ ಹಿಂದಿನ ತುದಿಯಲ್ಲಿ ನಿಂತು ಮುಖ ಮಾತ್ರ ಕೆಂಪಗೆ ಮಾಡಿಕೊಳ್ಳುವ ಹುಡುಗನನ್ನು ಪಿಇಟಿ ಮೇಷ್ಟ್ರುಗಳೆಲ್ಲ ಬಲ್ಲರು.

ಖೋಖೋ ಹಾಗಲ್ಲ. ಶಾಲೆಯ ಖೋಖೋದಲ್ಲಿ ಎಂಟು ಮಂದಿ ಸಾಲಾಗಿ ಕೂರುತ್ತಾರೆ, ಒಬ್ಬರು ಆ ಕಡೆ ಮುಖ, ಪಕ್ಕದವರು ಈ ಕಡೆ ಮುಖ. ಅಟ್ಟಿಸಿಕೊಂಡು ಓಡುವ ಒಂಬತ್ತನೆಯವರು ನಡುಗೆರೆ ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕು ಬಿಟ್ಟು ಕಂಬ ಮುಟ್ಟದೆ ಹಿಂದಕ್ಕೆ ತಿರುಗುವಂತಿಲ್ಲ. ಎಷ್ಟು ಜೋರಾಗಿ ಓಡಬಲ್ಲವರಾದರೂ ಎದುರಾಳಿ ಗೆರೆಯ ಆಚೆಗೆ ನುಸುಳಿದರೆ ಕೈಕಟ್ಟಿದ ಹಾಗೆ. ಆಚೆ ಮುಖ ಮಾಡಿ ಕೂತವರ ಬೆನ್ನಿಗೆ ಖೋ ಕೊಡಲೇಬೇಕು. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಅರೆಕ್ಷಣದ ಲೆಕ್ಕ. ಕೂತವರೂ ಸುಮ್ಮನೆ ಕೂತಿರುವುದಿಲ್ಲ, ಎದುರಾಳಿ ಯಾವ ಕಡೆ ಬರುತ್ತಾಳೆಂದು ಕಾಯುತ್ತಿರುತ್ತಾರೆ. ಇಲ್ಲಿ ಒಬ್ಬ ಶೂರನಿಂದ ಆಟ ಗೆಲ್ಲದಂತೆ ನಿಯಮವೇ ನೋಡಿಕೊಂಡಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ಆ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರದ ಕುರುಬೂರಿನವರು, ಹಳ್ಳಿಯ ಮಣ್ಣಂಗಳದಿಂದ ಹೋದವರು.

ಖೋಖೋದ ಈ ಗುಣವನ್ನು ಪಾಠದೊಳಗೆ ತಂದವರು ಎಲಿಯಟ್ ಆರನ್‌ಸನ್. 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು, ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂತರು, ದಿನಾ ಜಗಳ. ಈ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ ತರಗತಿ ಪೂರ್ತಿ ಪೈಪೋಟಿ. ಮೇಷ್ಟ್ರು ಪ್ರಶ್ನೆ ಕೇಳುವುದು, ಹತ್ತು ಕೈ ಮೇಲೇಳುವುದು, ಒಬ್ಬ ತಪ್ಪು ಹೇಳಿದರೆ ಉಳಿದವರಿಗೆ ಖುಷಿ. ಆರನ್‌ಸನ್ ಪಾಠವನ್ನೇ ತುಂಡು ಮಾಡಿದರು. ಆರು ಮಕ್ಕಳ ಗುಂಪು, ಪಾಠದ ಆರು ಭಾಗ, ಒಬ್ಬೊಬ್ಬರ ಕೈಯಲ್ಲಿ ಒಂದೊಂದೇ ಭಾಗ. ಪೂರ್ತಿ ಪಾಠ ಯಾರ ಬಳಿಯೂ ಇಲ್ಲ, ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಕಾರ್ಲೋಸ್ ಎಂದು ಅವರು ಕರೆಯುವ ಹುಡುಗನಿಗೆ ಇಂಗ್ಲಿಷ್ ತೊಡರುತ್ತಿತ್ತು. ಮೊದಲು ಗುಂಪಿನವರು ಗೇಲಿ ಮಾಡಿದರು. ಅವನಲ್ಲಿರುವ ಭಾಗ ಸಿಗದಿದ್ದರೆ ತಮಗೇ ನಷ್ಟ ಎಂದು ಗೊತ್ತಾದ ಮೇಲೆ ಗೇಲಿ ನಿಲ್ಲಿಸಿ, ಅವನಿಂದ ಹೇಳಿಸುವಂಥ ಪ್ರಶ್ನೆ ಕೇಳಲು ಕಲಿತರು.

ಕಾರ್ಲೋಸ್‌ನಂಥ ಮಕ್ಕಳು ಮೊಳಕಾಲ್ಮೂರಿನ ಗಡಿ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಂದನೇ ತರಗತಿಗೆ ಬಂದ ಮಗು ಟೀಚರ್ ಹೇಳಿದ್ದು ತಿಳಿಯದೆ ಪಕ್ಕದವಳ ಮುಖ ನೋಡುತ್ತದೆ, ಪಕ್ಕದವಳು ಮೆಲ್ಲಗೆ ತೆಲುಗಿನಲ್ಲಿ ಹೇಳುತ್ತಾಳೆ, ಟೀಚರ್ 'ಮಾತಾಡಬೇಡ' ಎನ್ನುತ್ತಾರೆ. ಅಲ್ಲಿ ನಡೆಯುತ್ತಿದ್ದದ್ದೇ ಸಹಕಾರ. ಯಾವ ತರಬೇತಿಯೂ ಇಲ್ಲದೆ ಮಕ್ಕಳು ತಾವಾಗಿ ಕಟ್ಟಿಕೊಂಡದ್ದನ್ನು ನಾವು ಗದ್ದಲವೆಂದು ಅಡಗಿಸುತ್ತೇವೆ.

ತುಂಡು ಪಾಠಕ್ಕೆ ಈ ತಾಲ್ಲೂಕಿನಲ್ಲಿ ಸಾಮಗ್ರಿಗೆ ಬರವಿಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನವನ್ನೇ ತೆಗೆದುಕೊಳ್ಳಿ. ಒಬ್ಬಳ ಚೀಟಿಯಲ್ಲಿ ಶಾಸನ ಕಳಿಸಿದವರಾರು: ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ (ಅಧಿಕಾರಿಗಳಿಗೆ) ಬಂದ ಆಜ್ಞೆ. ಇನ್ನೊಬ್ಬನಲ್ಲಿ ಅದು ಹೇಳುವುದೇನು: ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಸಣ್ಣವರೂ ದೊಡ್ಡವರೂ ಪ್ರಯತ್ನಪಡಬೇಕು. ಮೂರನೆಯವರಲ್ಲಿ ಲಿಪಿಯ ಸಂಗತಿ: ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಆದರೆ ಅದನ್ನು ಬರೆದ ಚಪಡ ತನ್ನ ಹೆಸರಿನ ಜೊತೆಗಿನ ಒಂದು ಪದವನ್ನು ದೂರದ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ನಾಲ್ಕನೆಯವರಲ್ಲಿ ಪತ್ತೆಯಾದ ಕಥೆ: 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನ ಗುರುತಿಸಿದ್ದು, 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ್ದು. ಐದನೆಯ ಚೀಟಿ ಖಾಲಿ. ಬಂಡೆ ಎಲ್ಲಿದೆ, ಹೋಗುವ ದಾರಿ ಯಾವುದು, ಸುತ್ತ ಏನು ಬೆಳೆದಿದ್ದಾರೆ ಎಂಬುದನ್ನು ಆ ಊರಿನ ಮಗುವೇ ಹೇಳಬೇಕು, ಬೇಕಾದರೆ ತೆಲುಗು ಬೆರೆಸಿ ಹೇಳಲಿ. ಕೊನೆಗೆ ಐವರೂ ಸೇರಿ ಉತ್ತರಿಸಬೇಕಾದ ಪ್ರಶ್ನೆ ಒಂದು: ವಾಯವ್ಯದ ಲಿಪಿ ಬಲ್ಲವನು ನಮ್ಮ ಊರಿನ ಬಂಡೆಯ ಮುಂದೆ ಬಂದು ನಿಂತದ್ದು ಹೇಗೆ? ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ. ಐದೂ ಚೀಟಿ ಕೂಡಿಸಿಯೇ ಊಹಿಸಬೇಕು.

ಹುಲಿ-ಕುರಿಯನ್ನು ಅಂಗಳಕ್ಕೆ ಇಳಿಸುವುದು ಇನ್ನೂ ಸುಲಭ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಲ್ಲೇ ದೊಡ್ಡದಾಗಿ ಮನೆ ಬರೆಯಿರಿ, ಕಾಯಿಗಳ ಬದಲು ಮಕ್ಕಳನ್ನೇ ನಿಲ್ಲಿಸಿ. ಮೂವರು ಹುಲಿ, ಹದಿನೈದು ಮಂದಿ ಕುರಿ. ಮಕ್ಕಳು ಕಡಿಮೆ ಇರುವ ಶಾಲೆಯಲ್ಲಿ ನಾಲ್ಕು, ಐದನೇ ತರಗತಿ ಕೂಡಿಸಿದರಾಯಿತು. ಹಳೆಯ ನಿಯಮದ ಮೇಲೆ ಎರಡು ಹೊಸ ನಿಯಮ ಸೇರಿಸಿ. ಪ್ರತಿ ನಡೆಗೂ ಮುಂಚೆ ಕುರಿಗಳಿಗೆ ಅರ್ಧ ನಿಮಿಷ ಮಾತಾಡಲು ಬಿಡಬೇಕು. ಮಾತಾದ ಮೇಲೆ ನಡೆಯನ್ನು ಒಬ್ಬರು ಘೋಷಿಸಬೇಕು, ಒಮ್ಮೆ ಘೋಷಿಸಿದವರು ಉಳಿದವರೆಲ್ಲರ ಸರದಿ ಮುಗಿಯುವವರೆಗೆ ಮತ್ತೆ ಘೋಷಿಸುವಂತಿಲ್ಲ. ಈ ಎರಡನೆಯ ನಿಯಮವೇ ಮುಖ್ಯ. ಇಲ್ಲದಿದ್ದರೆ ಜಾಣೆಯೊಬ್ಬಳು ಎಲ್ಲ ಕುರಿಗಳನ್ನೂ ನಡೆಸಿಬಿಡುತ್ತಾಳೆ, ಮತ್ತೆ ಅದೇ ಚಾರ್ಟಿನ ಕಥೆ. ನಿಯಮವಿದ್ದರೆ ಆ ಜಾಣೆ ತನಗೆ ಕಂಡದ್ದನ್ನು ಹಿಂದಿನ ಬೆಂಚಿನ ಹುಡುಗನಿಗೆ ತಿಳಿಸಿ ಒಪ್ಪಿಸಬೇಕು, ಅವನು ಅದನ್ನು ತೂಗಿ ನೋಡಿ ಹೇಳಬೇಕು. ಅವನಿಗೆ ಅವಳಿಗಿಂತ ಒಳ್ಳೆಯ ನಡೆ ಕಂಡರೂ ಕಾಣಬಹುದು.

ಮೊದಲ ಸುತ್ತಿನಲ್ಲಿ ಕುರಿಗಳು ಚದುರಿ ನಿಲ್ಲುತ್ತವೆ, ಹುಲಿಗಳು ಒಂದೊಂದನ್ನೇ ನುಂಗುತ್ತವೆ. 'ಅಲ್ಲಿಗ್ಯಾಕ್ ಹೋದ್ಯಲೇ?' ಎಂದು ಜಗಳ ಶುರು. ಜಗಳ ನಡೆಯಲಿ. ಎರಡನೇ ಸುತ್ತಿಗೆ ಒಬ್ಬರ ಬೆನ್ನಿಗೆ ಒಬ್ಬರು ಎಂಬ ಗುಟ್ಟು ಯಾರಿಗಾದರೂ ಹೊಳೆಯುತ್ತದೆ. ಮೇಷ್ಟ್ರ ಪಾಲಿನ ಕೆಲಸ ಇಲ್ಲಿ ಎಲ್ಲಕ್ಕಿಂತ ಕಷ್ಟದ್ದು: ಸರಿಯಾದ ನಡೆ ತನಗೆ ಕಾಣುತ್ತಿದ್ದರೂ ಬಾಯಿ ಬಿಡದಿರುವುದು. ಪಾಠ ಹೇಳಿ ರೂಢಿಯಾದ ನಾಲಿಗೆಗೆ ಇದು ಶಿಕ್ಷೆಯೇ ಸರಿ.

ಆಟ ಮುಗಿದ ಮೇಲಿನ ಐದು ನಿಮಿಷ ಬಿಟ್ಟರೆ ಆಡಿಸಿದ್ದೆಲ್ಲ ಬರಿಯ ಆಟದ ಪೀರಿಯಡ್ ಆಗುತ್ತದೆ. (ಆಟದ ಪೀರಿಯಡ್ಡಿನ ಬಗ್ಗೆ ನನಗೇನೂ ಸಿಟ್ಟಿಲ್ಲ, ಅದನ್ನು ಗಣಿತಕ್ಕೆ ಕಿತ್ತುಕೊಳ್ಳುವವರ ಮೇಲೆ ಮಾತ್ರ ಸಿಟ್ಟು.) ನೆರಳಿನಲ್ಲಿ ಕೂರಿಸಿ ಕೇಳಬೇಕು. ಹುಲಿ ಬರುವುದು ಮೊದಲು ಯಾರಿಗೆ ಕಂಡಿತು? ಕಂಡವರು ಹೇಳಿದರೋ? ಹೇಳಿದ್ದು ಯಾರಿಗೂ ಕೇಳಿಸಲಿಲ್ಲವೇಕೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೆಲವು ಸಲ ಕಹಿಯಾಗಿರುತ್ತದೆ. ಹೇಳಿದವಳು ಹುಡುಗಿ, ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಹೇಳಿದವನು ಹಟ್ಟಿಯಿಂದ ಬರುವ ಹುಡುಗ, ಅದಕ್ಕೆ. ಆ ಕಹಿಯನ್ನು ಆಟದ ನೆಪದಲ್ಲಿ ಬಾಯಿ ಬಿಟ್ಟು ಮಾತಾಡಬಹುದು, ನೀತಿಪಾಠದ ಹೊತ್ತಿನಲ್ಲಿ ಆಗದು. 2015ರಲ್ಲಿ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯವರು 52 ದೇಶ-ಪ್ರದೇಶಗಳಲ್ಲಿ 15 ವರ್ಷದ ಮಕ್ಕಳಿಗೆ ಕೂಡಿ ಸಮಸ್ಯೆ ಬಿಡಿಸುವ ಪರೀಕ್ಷೆ ಇಟ್ಟಾಗ ಪ್ರತಿಯೊಂದು ಕಡೆಯೂ ಹುಡುಗಿಯರೇ ಹುಡುಗರಿಗಿಂತ ಮುಂದಿದ್ದರು. ಭಾರತ ಆ ಪರೀಕ್ಷೆಯಲ್ಲಿ ಇರಲಿಲ್ಲ.

ನಮ್ಮ ಸರ್ಕಾರಿ ಶಾಲೆಗೆ ಇದೆಲ್ಲ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕಟ್ಟಿದ್ದು. ತಟ್ಟೆಯ ಸುತ್ತ ಕೂರುವ ಗುಂಪು, ಗೆಳೆಯರ ನೆರವಿನಿಂದ ಕಲಿಯುವ ಗುಂಪು, ಮಕ್ಕಳ ಎತ್ತರಕ್ಕೆ ಇಳಿಸಿದ ಕರಿಹಲಗೆ, ತಲೆಯ ಮೇಲೆ ಚಪ್ಪರ. ಮೂರನೇ ತರಗತಿ ಮುಗಿಸಿ ನಾಲ್ಕಕ್ಕೆ ಕಾಲಿಟ್ಟ ಕೂಡಲೇ ವೃತ್ತ ಮುರಿದು ಸಾಲಾಗುತ್ತದೆ. ಅಲ್ಲಿಯವರೆಗೆ ಎದುರು ಬದುರು ಕೂತವರು ಅಲ್ಲಿಂದ ಮುಂದೆ ಹತ್ತನೇ ತರಗತಿಯವರೆಗೆ ಮುಂದಿನವರ ಜಡೆ, ಕಾಲರು ನೋಡುತ್ತ ಕೂರುತ್ತಾರೆ. 2023ರ ಆರಂಭದಲ್ಲಿ ನಡೆದ ಕಲಿಕಾ ಹಬ್ಬದಲ್ಲಿ 'ಊರು ತಿಳಿಯೋಣ' ಎಂದು ಮಕ್ಕಳು ಗುಂಪಾಗಿ ಊರು ಸುತ್ತಿ, ಹಿರಿಯರನ್ನು ಮಾತಾಡಿಸಿ, ನಕ್ಷೆ ಬರೆದರು. ಹಬ್ಬ ಮುಗಿದ ಮೇಲೆ ಆ ಊರು ಮತ್ತೆ ಪಾಠದೊಳಗೆ ಬರಲಿಲ್ಲವೆಂದರೆ ತಪ್ಪು ಮಕ್ಕಳದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಬ್ಯಾಗ್ ಇಲ್ಲದ ಹತ್ತು ದಿನ ಹೇಳಿದೆ, ನಮ್ಮಲ್ಲಿ ಸಂಭ್ರಮ ಶನಿವಾರವೂ ಬಂದಿದೆ. ದಿನವೇನೋ ಇದೆ, ಆ ದಿನ ಏನು ಮಾಡಿಸಬೇಕೆಂಬುದು ಮೇಷ್ಟ್ರಿಗೆ ಬಿಟ್ಟದ್ದು.

ತರಬೇತಿಗೂ ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ನಾಡಿನ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಮಾಡಿಸಿ ಕಲಿಸುತ್ತಿದೆ. ಆ ಪ್ರಯೋಗಗಳಲ್ಲಿ ಒಬ್ಬರು ಹಿಡಿಯಬೇಕು, ಒಬ್ಬರು ಅಳೆಯಬೇಕು, ಒಬ್ಬರು ಬರೆದುಕೊಳ್ಳಬೇಕು. ಶಾಲೆಗೆ ಮರಳಿದ ಮೇಲೆ ಅದೇ ಪ್ರಯೋಗವನ್ನು ಮೇಷ್ಟ್ರೊಬ್ಬರೇ ಮೇಜಿನ ಮೇಲೆ ಮಾಡಿ ತೋರಿಸಿ, ನಲವತ್ತು ಮಕ್ಕಳು ದೂರದಿಂದ ಇಣುಕಿ ನೋಡುವಂತಾದರೆ ತರಬೇತಿ ಕುದಾಪುರದ ಗೇಟಿನಲ್ಲೇ ಉಳಿಯಿತೆಂದೇ ಲೆಕ್ಕ.

ಪಾಠ ಮುಗಿಯುವುದಿಲ್ಲ, ಪರೀಕ್ಷೆ ಬರುತ್ತದೆ, ಬಿಸಿಯೂಟದ ಲೆಕ್ಕ ಬರೆಯಬೇಕು, ಆ್ಯಪ್‌ನಲ್ಲಿ ಹಾಜರಿ ಹಾಕಬೇಕು ಎನ್ನುವ ಶಿಕ್ಷಕರ ಸಂಕಟ ಸುಳ್ಳಲ್ಲ. ಅದಕ್ಕೇ ವಾರಕ್ಕೊಮ್ಮೆ ಎಂದು ನಾನು ಹೇಳುವುದಿಲ್ಲ. ತಿಂಗಳಿಗೊಂದು ಶನಿವಾರ ಸಾಕು, ಬಹುಮಾನ ಬೇಡ, ಅಂಕ ಖಂಡಿತ ಬೇಡ. ಬಹುಮಾನ ಇಟ್ಟ ಮರುಕ್ಷಣ ಕುರಿಗಳು ತಮ್ಮ ತಮ್ಮ ಪಾಡು ನೋಡಿಕೊಳ್ಳುತ್ತವೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಲ್ಲೂ ಒಂದು ಮನವಿ. ಶಾಲೆಯ ಗೋಡೆಗೆ ಬಣ್ಣ ಬಳಿಸುವಾಗ ಒಂದು ಡಬ್ಬಿ ಬಣ್ಣ ಉಳಿಸಿ, ಅಂಗಳದಲ್ಲೋ ಜಗಲಿಯ ಮೇಲೋ ಹುಲಿ-ಕುರಿ ಮನೆ ಬರೆಸಿ. ಗೆರೆ ಎಲ್ಲಿ ಹೇಗೆ ಕೂಡಬೇಕೆಂದು ಗೊತ್ತಾಗದಿದ್ದರೆ ಊರಿನಲ್ಲಿ ಬಲ್ಲ ಅಜ್ಜನೊಬ್ಬನನ್ನು ಶಾಲೆಗೆ ಕರೆಸಿ.